ಚಪ್ಪಾಳೆಗೆ ಬೇಕು, ಮನೆಗೆ ಬೇಡ

ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ ಓದುವ ಮೊದಲೇ ಪುಟ್ಟಣ್ಣ ಕಣಗಾಲ್ ಅವರ ಸಿನಿಮಾ ನೋಡಿದ್ದೆ. ಕಲ್ಪನಾ ಅಭಿನಯಕ್ಕೆ ಅತ್ತಿದ್ದೆ. ಕಾದಂಬರಿ ಓದಿದಾಗ ಮಾತ್ರ ಸಿಟ್ಟು ಬಂತು. ಗೆಜ್ಜೆ ಎಂದರೆ ಕುಣಿಯುವವರ ಹೆಮ್ಮೆ ತಾನೇ? ವೇಶ್ಯೆಯರ ಮನೆತನದಲ್ಲಿ ಹುಟ್ಟಿದ ಚಂದ್ರಾಳಿಗೆ ಅದೇ ಗೆಜ್ಜೆಯ ಪೂಜೆ ಕುಲಕಸುಬಿಗೆ ತಳ್ಳುವ ಶಾಸ್ತ್ರ. ಓದಿ, ಮದುವೆಯಾಗಿ ಎಲ್ಲರಂತೆ ಬಾಳುವುದಷ್ಟೇ ಅವಳ ಆಸೆ. ಇಂಥ ಮನೆಗಳ ಹಾಡು, ಕುಣಿತಕ್ಕೆ ತಲೆದೂಗುವ ಊರು ಅಲ್ಲಿನ ಹೆಣ್ಣನ್ನು ಸೊಸೆ ಮಾಡಿಕೊಳ್ಳದು. 1917ರಲ್ಲಿ ಹುಟ್ಟಿದ ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ. ನಲವತ್ತು ದಾಟಿದ ಮೇಲೆ ಬರೆಯಲು ಕೂತ ಗೃಹಿಣಿ ಇಂಥ ಮನೆಯೊಳಗೆ ಕಣ್ಣಿಟ್ಟರಲ್ಲ, ಅದು ನನಗೆ ದೊಡ್ಡದು.

ನಮ್ಮ ಮದ್ದೂರು ಗುಂಡ್ಲುಪೇಟೆ ದಾಟಿದರೆ ಸಿಗುವ, ಬಂಡೀಪುರ ಕಾಡಂಚಿನ ಊರು. ಕಾಲೇಜು ತಂಡದಲ್ಲಿ ನಾನು ಬೀಸು ಕಂಸಾಳೆ ಆಡುತ್ತೇನೆ. ಮಾದಪ್ಪನ ಪದ ಅಂದರೆ ಊರೆಲ್ಲ ಕೈಮುಗಿಯುತ್ತದೆ. ಆದರೂ ಮದುವೆಯ ಬಯೋಡೇಟಾ ಬರೆಯುವಾಗ ಅವ್ವ, “ಕಂಸಾಳೆ ಇಚಾರ ಬ್ಯಾಡ ಕನವ್ವ, ಬಂದೋರು ಏನಂದ್ಕಂಡಾರು” ಎಂದಳು. ಕೆಲಸದ ಅರ್ಜಿಗೆ ಕಂಸಾಳೆ ಸರ್ಟಿಫಿಕೇಟು ಮರೆಯದೆ ಲಗತ್ತಿಸು ಅನ್ನುವವಳೂ ಅವಳೇ! ನಾನು ಎರಡರಲ್ಲೂ ಬರೆದಿದ್ದೇನೆ. ಹೋದ ವಾರ ಬಂದ ಗಂಡಿನವರು ಇನ್ನೂ ಏನೂ ಹೇಳಿಲ್ಲ.