ಬೀದಿ ಬೆಕ್ಕು ಮನೆವಾಸಿಯಾಗುವ ಬಗೆ

ಮಹಾನಗರದ ವಸತಿ ಸಂಕೀರ್ಣಗಳಲ್ಲಿ ಬೀದಿ ಬೆಕ್ಕಿಗೆ ಅನ್ನವಿಡುವ ಕನ್ನಡಿಗರು ಹಲವರಿದ್ದಾರೆ. ಅದನ್ನು ಮನೆಯೊಳಗೆ ತರುವ ಮುನ್ನ ಒಂದು ವಿಷಯವನ್ನು ಅರಿತಿರಬೇಕು. ಮನುಷ್ಯನ ಸ್ಪರ್ಶ ನಿರಪಾಯವೆಂದು ಬೆಕ್ಕು ಕಲಿಯುವುದು ಮುಖ್ಯವಾಗಿ ಹುಟ್ಟಿದ 2ರಿಂದ 7 ವಾರಗಳೊಳಗೆ. ಆ ಅವಧಿಯನ್ನು ಮನುಷ್ಯರಿಂದ ದೂರವೇ ಕಳೆದ ಪ್ರೌಢ ಬೆಕ್ಕಿನ ಕಣ್ಣಿಗೆ ನಾವು ಯಜಮಾನರಲ್ಲ, ಬೇಟೆಗಾರರು. ಅಂಥದ್ದು ಆರೋಗ್ಯವಾಗಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ ಮಾಡಿಸಿ ಅದರ ತಾಣಕ್ಕೇ ಬಿಡುವುದು ಲೇಸೆಂದು ನಮ್ಮ ಅಭಿಪ್ರಾಯ.

ಮರಿಯಾಗಿದ್ದರೆ, ಅಥವಾ ಹಿಂದೊಮ್ಮೆ ಸಾಕಿ ಬಿಟ್ಟ ಬೆಕ್ಕಾಗಿದ್ದರೆ, ಪ್ರಯತ್ನಿಸಬಹುದು. ಮೊದಲು ಪಶುವೈದ್ಯರಿಗೆ ತೋರಿಸಿ, ಇಡೀ ಮನೆಯನ್ನು ಬಿಟ್ಟುಕೊಡದೆ ಒಂದೇ ಕೋಣೆಯಲ್ಲಿಡಬೇಕು. ಅವಿತುಕೊಳ್ಳಲು ರಟ್ಟಿನ ಪೆಟ್ಟಿಗೆಯೊಂದಿರಲಿ. ಅದರೊಳಗಿಂದ ಎಳೆದು ತೆಗೆಯಲೇಬಾರದು. ತೆನಾಲಿ ರಾಮಕೃಷ್ಣನ ಬೆಕ್ಕು ಒಮ್ಮೆ ಬಾಯಿ ಸುಟ್ಟುಕೊಂಡು ಹಾಲೆಂದರೆ ಓಡಿತಲ್ಲವೆ? ಭಯದ ನೆನಪು ಹಾಗೆಯೇ. (ಅಂದಹಾಗೆ, ಬಹುಪಾಲು ಪ್ರೌಢ ಬೆಕ್ಕುಗಳಿಗೆ ಹಾಲು ಜೀರ್ಣವಾಗದು.) ಮಣ್ಣಿನ ರೂಢಿಯಿರುವುದರಿಂದ ಮಲವಿಸರ್ಜನೆಯ ತಟ್ಟೆಗೆ ಮೊದಮೊದಲು ಮರಳು, ಮಣ್ಣನ್ನೇ ತುಂಬಬೇಕು.

ಆಹಾರವನ್ನು ಹೊತ್ತುಹೊತ್ತಿಗೆ ಇಟ್ಟು, ನೆಲದ ಮೇಲೆ ದೂರ ಕುಳಿತು, ನೆಟ್ಟ ನೋಟವನ್ನು ತಪ್ಪಿಸಿ ಮೆಲ್ಲನೆ ಕಣ್ಣು ಮುಚ್ಚಿ ತೆರೆಯಬೇಕು. ಅದೂ ಹಾಗೆಯೇ ಕಣ್ಣು ಮಿಟುಕಿಸಿದರೆ ನಂಟು ಕುದುರುತ್ತಿದೆ ಎಂದರ್ಥ. ಇದಕ್ಕೆ ವಾರಗಳೇ ಹಿಡಿಯಬಹುದು. ಎತ್ತರದ ಮಹಡಿಗಳಲ್ಲಿ ಕಿಟಕಿಯ ಸರಳು ಸಾಲದು, ಬಲೆ ಬಿಗಿಸಲೇಬೇಕು. ಕಚ್ಚಿದರೆ, ಪರಚಿದರೆ ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.