ಹಿತ್ತಲಿನ ಸಸಿಮಡಿ

ಧಾರವಾಡದ ನಮ್ಮ ಹಿತ್ತಲಿನ ಹಲಸಿನ ಮರ ಗಾಳಿಗೆ ಉರುಳಿದ ವರ್ಷ, ಅದರ ಕೊನೆಯ ಹಣ್ಣಿನ ಬೀಜಗಳನ್ನು ಜೋಳದಂತೆ ಬಿಸಿಲಿಗೆ ಒಣಗಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟೆ. ಮರುವರ್ಷ ಬಿತ್ತಿದಾಗ ಒಂದೂ ಮೊಳೆಯಲಿಲ್ಲ. ಬಯಲುಸೀಮೆಯವನ ಜಾಣತನ ಮಲೆನಾಡಿನ ಮರಕ್ಕೆ ಒಗ್ಗಲಿಲ್ಲವೆನ್ನಬೇಕು. ಜೋಳವು ಒಣಗಿದರೆ ಬಾಳುತ್ತದೆ. ಹಲಸು, ಮಾವು, ನೇರಳೆಗಳ ಬೀಜವಾದರೋ ಒಣಗಿದರೆ ಜೀವ ಬಿಡುತ್ತದೆ. ಮಳೆಗಾಲದ ಹೊಸ್ತಿಲಲ್ಲಿ ಹಣ್ಣಾಗುವ ಇವಕ್ಕೆ ಕಾದಿರುವ ಅಭ್ಯಾಸವೇ ಇಲ್ಲ.

ಈಗ ತೊಳೆ ತಿಂದ ದಿನವೇ ಬೀಜವನ್ನು ತೊಳೆದು, ತಳಕ್ಕೆ ತೂತು ಮಾಡಿದ ಹಾಲಿನ ಖಾಲಿ ಚೀಲದಲ್ಲಿ ಊರುತ್ತೇನೆ. ಕೆಮ್ಮಣ್ಣು, ಮರಳು, ಹಳೆಯ ತಿಪ್ಪೆಗೊಬ್ಬರ. ಖರ್ಚೆಂಬುದು ಇಲ್ಲವೇ ಇಲ್ಲ. ತಾಯಿಬೇರು ಚೀಲದ ತಳದಲ್ಲಿ ಸುತ್ತಿಕೊಳ್ಳುವ ಮುನ್ನವೇ ಸಸಿಯನ್ನು ನೆಲಕ್ಕಿಳಿಸಬೇಕು. ಬೇರಿಗಾದ ಗಾಯವನ್ನು ಹಲಸು ಸಹಿಸದು. ಬೀಜದ ಸಸಿ ತಾಯಿಯನ್ನೇ ಹೋಲೀತೆಂಬ ಭರವಸೆಯೂ ಇಲ್ಲ. ಆದುದರಿಂದ ಆಪೂಸೇ ಬೇಕೆಂದರೆ, ನಾಟಿ ಮಾವಿನ ಗೊರಟೆ ಮೊಳೆತು ಎಲೆ ಇನ್ನೂ ತಾಮ್ರವರ್ಣದಲ್ಲಿರುವಾಗ, ಅದಕ್ಕೆ ಆಪೂಸಿನ ಕುಡಿಯನ್ನು ಕಸಿಕಟ್ಟಬೇಕು. ನಾನು ಕಟ್ಟಿದ ಹತ್ತರಲ್ಲಿ ನಾಲ್ಕು ಹಿಡಿದವು.

ಆ ಹಲಸು ಮಾತ್ರ ಮರಳಲಿಲ್ಲ. ಅದರ ಜಾಗದಲ್ಲೀಗ ನೆರೆಮನೆಯವರು ಕೊಟ್ಟ ಹಣ್ಣಿನ ಸಸಿಯೊಂದು ಮೊಣಕಾಲೆತ್ತರ ನಿಂತಿದೆ. ಅದರ ರುಚಿ ತಿಳಿಯಲು ಇನ್ನೂ ಏಳೆಂಟು ವರ್ಷ ಬೇಕು.