ಹಿಮದಡಿಯ ಹತ್ತು ನಿಮಿಷಗಳು

ಗುಂಡ್ಲುಪೇಟೆಯ ಸಮೀಪದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಹೆಸರಿನಲ್ಲಿ ಹಿಮವುಂಟು; ಆದರೆ ಅಲ್ಲಿ ನಾವು ಕಾಣುವುದು ಮಂಜನ್ನು ಮಾತ್ರ. ಹಾಗಾದರೆ ಚಾಮರಾಜನಗರದ ವಿದ್ಯಾರ್ಥಿಗೆ ಹಿಮಕುಸಿತದ ವಿಚಾರವೇಕೆ? ನಮ್ಮವರು ಯೋಧರಾಗಿ, ಚಾರಣಿಗರಾಗಿ ಹಿಮಾಲಯಕ್ಕೆ ಹೋಗುತ್ತಲೇ ಇರುವರು. ೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕಿದ ಹತ್ತು ಯೋಧರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರೂ ಒಬ್ಬರು.

ಹಿಮವು ಕುಸಿಯುವುದೇಕೆ? ಕಣದಲ್ಲಿ ರಾಗಿಯ ರಾಶಿಯ ಇಳಿಜಾರು ಒಂದು ಮಿತಿಯನ್ನು ಮೀರಿದೊಡನೆ ಕಾಳು ತಾನಾಗಿ ಜಾರುತ್ತದೆ. ಸಡಿಲವಾದ ಹಿಮದ ಪುಡಿಯೂ ಹಾಗೆಯೇ. ಇದಕ್ಕಿಂತ ಅಪಾಯಕರವಾದುದು ಹಿಮದ ಗಟ್ಟಿ ಹಾಸಿನ ಕುಸಿತ. ಹಲಗೆಯೊಂದರ ಮೇಲೆ ರಾಗಿಯನ್ನು ತೆಳುವಾಗಿ ಹರಡಿ, ಮೇಲೆ ದಪ್ಪ ರಟ್ಟನ್ನಿಟ್ಟು, ಹಲಗೆಯನ್ನು ಮೆಲ್ಲನೆ ಓರೆಮಾಡಿ ನೋಡೋಣ: ರಟ್ಟು ಇಡಿಯಾಗಿ ಜಾರುವುದು. ಗಟ್ಟಿ ಪದರದಡಿಯಲ್ಲಿ ಸಡಿಲ ಹರಳುಗಳ ಪದರವೊಂದು ಅಡಗಿದ್ದರೆ, ಒಬ್ಬ ಮನುಷ್ಯನ ಭಾರವೇ ಕುಸಿತಕ್ಕೆ ಸಾಕಾಗಬಹುದು. ಇಂತಹ ಕುಸಿತಗಳು ಬಹುಮಟ್ಟಿಗೆ ೩೦ರಿಂದ ೪೫ ಡಿಗ್ರಿಗಳ ಇಳಿಜಾರುಗಳಲ್ಲಿ ಸಂಭವಿಸುತ್ತವೆ. ಆದುದರಿಂದ ಪ್ರಾಥಮಿಕ ಶಿಕ್ಷಣದಲ್ಲಿ ಇಳಿಜಾರನ್ನು ಅಳೆಯುವುದು, ಗುಂಡಿ ತೋಡಿ ಪದರಗಳನ್ನು ಪರೀಕ್ಷಿಸುವುದು, ಅಪಾಯದ ಸ್ಥಳವನ್ನು ಒಬ್ಬೊಬ್ಬರಾಗಿ ದಾಟುವುದು ಮೊದಲ ಪಾಠಗಳಾಗಿವೆ.

ಉರುಳಿ ನಿಂತ ಹಿಮವು ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಅದರ ಒಂದು ಘನ ಮೀಟರಿನ ತೂಕ ೩೦೦ರಿಂದ ೫೦೦ ಕಿಲೋಗ್ರಾಂ. ಅಡಿಯಲ್ಲಿ ಸಿಕ್ಕಿದವನು ಕೈಯನ್ನೂ ಆಡಿಸಲಾರನು. ಅವನು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಮುಖದ ಸುತ್ತಲೇ ಶೇಖರವಾಗುತ್ತದೆ. ಹತ್ತು ನಿಮಿಷಗಳೊಳಗೆ ಹೊರತೆಗೆದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬದುಕುವರು. ಅರ್ಧ ಗಂಟೆಯಾದರೆ ಮೂವರಲ್ಲಿ ಒಬ್ಬರು ಮಾತ್ರ.

ಇಷ್ಟು ಬೇಗ ದೂರದ ನೆರವು ಬಾರದು. ರಕ್ಷಿಸಬೇಕಾದವರು ಜೊತೆಯಲ್ಲಿರುವವರೇ. ಅದಕ್ಕಾಗಿ ಪ್ರತಿಯೊಬ್ಬನಲ್ಲಿಯೂ ಮೂರು ಸಾಧನಗಳಿರಬೇಕು: ೪೫೭ ಕಿಲೋಹರ್ಟ್ಸ್ ಸಂಕೇತವನ್ನು ಕಳುಹಿಸಿ ಗ್ರಹಿಸುವ ಪುಟ್ಟ ರೇಡಿಯೋ, ಹಿಮದಡಿ ಚುಚ್ಚಿ ನೋಡುವ ಉದ್ದನೆಯ ಕೋಲು, ಸಲಿಕೆ. ರೇಡಿಯೋ ಸ್ಥಳವನ್ನು ಸೂಚಿಸುತ್ತದೆ, ಕೋಲು ಆಳವನ್ನು ತಿಳಿಸುತ್ತದೆ, ಸಲಿಕೆ ದಾರಿ ಮಾಡುತ್ತದೆ. ಅಭ್ಯಾಸವಿಲ್ಲದ ಕೈಯಲ್ಲಿ ಈ ಮೂರೂ ನಿಷ್ಪ್ರಯೋಜಕ. ೧೯೬೫ರಲ್ಲಿ ಸ್ಥಾಪಿತವಾದ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯು ಪರ್ವತಾರೋಹಣದ ಪ್ರಾಥಮಿಕ ಶಿಕ್ಷಣವನ್ನೂ, ಶೋಧ ಮತ್ತು ರಕ್ಷಣೆಯ ಶಿಕ್ಷಣವನ್ನೂ ನೀಡುತ್ತಿದೆ.

ಹನುಮಂತಪ್ಪನವರು ಆರನೆಯ ದಿನ ಜೀವಂತವಾಗಿ ದೊರೆತರು. ಮುರಿದ ಡೇರೆಯಲ್ಲಿ ಉಳಿದಿದ್ದ ಗಾಳಿಯೇ ಇದಕ್ಕೆ ಕಾರಣವಿರಬಹುದು. ಆದರೆ ಫೆಬ್ರವರಿ ೧೧ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅವರ ಧೈರ್ಯಕ್ಕೆ ನಾಡೆಲ್ಲ ತಲೆಬಾಗಿತು. ಆದರೂ ಆ ಆರು ದಿನಗಳು ಅಪವಾದ. ಹತ್ತು ನಿಮಿಷಗಳೇ ನಿಯಮ. ಹಿಮದ ನಾಡಿಗೆ ಹೊರಡುವ ನಮ್ಮ ತರುಣರು ಈ ನಿಯಮವನ್ನು ಮೊದಲು ಕಲಿಯಲಿ.